ಹಡಗಿನ ಮೂತಿಯ ಕೆಳಗೆ

“ನಿಮ್ಮ ಕಣ್ಣಲ್ಲಿ ಒಂದು ಹನಿ ಕಂಡರೂ ಸಾಕು, ಇಳಿದು ಬಂದ್ಬಿಡ್ತೀನಿ,” ಆಕಾಶಹಡಗಿನ ಏಣಿಯ ಮೇಲೆ ನಿಂತ ವಾಲ್ಬುರ್ಗ ಗಂಡನಿಗೆ ಬೆರಳಾಡಿಸಿ ಹೇಳಿದಳು. “ಆಮೇಲೆ ಬ್ರೆಜಿಲ್ಲೂ ಇಲ್ಲ, ಮೊಮ್ಮಗೂನೂ ಇಲ್ಲ.”

“ಅಳೋದಾ? ನಾನಾ?” ಆಂಬ್ರೋಸ್ ನಕ್ಕ. “ಎರಡು ತಿಂಗಳು ನಿನ್ನ ಗೊರಕೆ ಇಲ್ಲದೆ ಮಲಗ್ತೀನಲ್ಲೇ ಮಾರಾಯ್ತಿ. ನಡಿ ನಡಿ, ಬಾಣಂತಿ ಮಗಳು ಕಾಯ್ತಿದ್ದಾಳೆ.”

ಆಂಬ್ರೋಸ್ ಬೀಳ್ಕೊಡುವ ವಾದ್ಯತಂಡದ ದೊಡ್ಡ ಕಹಳೆಯವನು. ಅವನು ಒಮ್ಮೆ ಊದಿದರೆ ಸರೋವರದಾಚೆಯ ಸ್ವಿಸ್ ಹಸುಗಳ ಕೆಚ್ಚಲಲ್ಲೇ ಹಾಲು ಮೊಸರಾಗುತ್ತಿತ್ತು. ಅಂಥ ಎದೆಯವನು ಅಳುವುದುಂಟೆ? ಫ್ರೀಡ್ರಿಕ್ಸ್‌ಹಾಫೆನ್ ಊರಿನ ಬಿಯರ್ ಅಂಗಡಿಗಳಲ್ಲೆಲ್ಲ ಅವನೇ ಹಾಗೆಂದು ಸಾರಿದ್ದ. ಅನಿಲ ತುಂಬಿ ತೇಲುವ ಆ ಹಡಗೂ ಸಾಮಾನ್ಯದ್ದಲ್ಲ. ಬಾಲದಲ್ಲಿ ಒಬ್ಬ ಸೀನಿದರೆ ಮೂತಿಯಲ್ಲಿದ್ದವನಿಗೆ ಮರುದಿನ ಕೇಳುತ್ತಿತ್ತು, ಅಷ್ಟುದ್ದ.

ವಾಲ್ಬುರ್ಗ ಕಿಟಕಿಯಲ್ಲಿ ಕಾಣಿಸಿಕೊಂಡಳು. ವಾದ್ಯ ಶುರುವಾಯಿತು. ಎರಡನೇ ಸಾಲಿಗೇ ಆಂಬ್ರೋಸನ ಕಹಳೆ ತಾಯಿ ಕಾಣದ ಎಮ್ಮೆಗರುವಿನಂತೆ ನರಳಿತು. ಕಣ್ಣು ಉರಿಯತೊಡಗಿತು. ಕಿಟಕಿಯವಳು ಕತ್ತು ಚಾಚಿ ಅವನನ್ನೇ ನೋಡುತ್ತಿದ್ದಳು.

ಹಡಗು ಮಾತ್ರ ನೆಲ ಬಿಡಲೊಲ್ಲದು. ಬಿಡುವುದಾದರೂ ಹೇಗೆ? ಸಾಮಾನು ತೂಗುವವರ ಕಣ್ಣು ತಪ್ಪಿಸಿ ವಾಲ್ಬುರ್ಗ ಮಗಳಿಗೆಂದು ಆನೆ ಮರಿಯಷ್ಟು ತೂಕದ ಕಬ್ಬಿಣದ ಬಾಣಲೆಯನ್ನು ಕೋಟಿನೊಳಗೆ ಹೊಲಿದುಕೊಂಡಿದ್ದಳು. ಭಾರ ಹೆಚ್ಚಾದರೆ, ಸರೋವರದಿಂದ ತುಂಬಿಕೊಂಡ ನೀರನ್ನು ಕಪ್ತಾನ ಮೂತಿಯ ತೊಟ್ಟಿಯಿಂದ ಸುರಿಸಿಬಿಡುತ್ತಿದ್ದ. ಅದಕ್ಕೆ ಮೊದಲು ಎಚ್ಚರಿಕೆಯ ಬಾವುಟ ಆಡುತ್ತಿತ್ತು. ವಾದ್ಯದವರು ನುಡಿಸುತ್ತಲೇ ಹಿಂದೆ ಸರಿಯುತ್ತಿದ್ದರು.

ಬಾವುಟ ಆಡಿತು. ಎಲ್ಲರೂ ಹಿಂದೆ ಸರಿದರು. ಆಂಬ್ರೋಸ್ ಮುಂದೆ ನಡೆದು ಮೂತಿಯ ಕೆಳಗೇ ಮುಖವೆತ್ತಿ ನಿಂತ.

“ಲೋ, ತಲೆ ಕೆಟ್ಟಿದೆಯೇನೋ? ನೀರು ಬಿಡ್ತಾರೆ ಕಣೋ,” ತಂಡದ ಹಿರಿಯ ಇಸಿಡೋರ್ ಕೂಗಿದ.

ಅರ್ಧ ಸರೋವರವೇ ಆಂಬ್ರೋಸನ ಮೇಲೆ ಕವುಚಿತು. ಕಹಳೆ ತುಂಬಿ ತುಳುಕಿತು. ಹಗುರಾದ ಹಡಗು ಮೇಲೆದ್ದಿತು. ಕಿಟಕಿಯಲ್ಲಿ ವಾಲ್ಬುರ್ಗ ಹೊಟ್ಟೆ ಹಿಡಿದುಕೊಂಡು ನಗುವುದು ಅವನಿಗೆ ಕಂಡಿತು. ‘ದಡ್ಡ, ದಡ್ಡ’ ಎಂದು ತುಟಿಯಾಡುವುದೂ ಕಂಡಿತು.

ಹಡಗು ಚುಕ್ಕಿಯಾಗುವವರೆಗೂ ಅವನು ಕೈ ಬೀಸಿದ. ಇಸಿಡೋರ್ ಹತ್ತಿರ ಬಂದು ಅವನ ಮುಖವನ್ನೇ ದಿಟ್ಟಿಸಿದ. ಆಮೇಲೆ ಆ ಕೆನ್ನೆಯಿಂದ ಒಂದು ಹನಿಯನ್ನು ಬೆರಳಲ್ಲಿ ತೆಗೆದು ನಾಲಗೆಗಿಟ್ಟುಕೊಂಡ.

“ಅಲ್ಲಯ್ಯಾ, ನಮ್ಮ ಸರೋವರದ ನೀರು ಯಾವತ್ತಿಂದ ಉಪ್ಪಾಯ್ತು?”