ನೀಲಿ ಬಾಗಿಲಿನ ಗುರುತು

"ಲೇ, ಯಾರ ಫೋಟೋ ಹೊಡ್ಯಾಕತ್ತೀ?"

ಬೆನ್ನ ಹಿಂದೆ ಮುರಗೆಪ್ಪ ಸಾಹುಕಾರರ ದನಿ. ಸಮಾಧಾನ ಎಂಬ ಕೇರಿಯ ಹುಡುಗ ಕ್ಯಾಮೆರಾ ಎದೆಗವಚಿಕೊಂಡ. ನಿಂತದ್ದು ಅವರದೇ ಕಬ್ಬಿನ ಬದುವಿನ ಮೇಲೆ.

"ಹಕ್ಕೀದ್ರಿ, ಸಾವ್ಕಾರ್ರ."

ಕೆರೆ ಮುಚ್ಚಿಸಿ ಕಬ್ಬು ಹಚ್ಚಲು ಮುರಗೆಪ್ಪ ಓಡಾಡುತ್ತಿದ್ದುದು ಊರಿಗೇ ಗೊತ್ತು. ಕೆರೆ ಹೋದರೆ ದಂಡೆಯ ಹನ್ನೊಂದು ಮನೆಗಳ ಮೀನೂ ಹೋಯಿತು, ಅನ್ನವೂ ಹೋಯಿತು. ಊರೊಳಗೆ ಜಾಗ ಕೊಡದೆ ಮೂರು ತಲೆಮಾರಿನ ಹಿಂದೆ ಅಟ್ಟಿದ ಕೇರಿ ಅದು. ಮೊದಲ ಮನೆ ಸಮಾಧಾನನ ತಾಯಿ ಸುಂದರಾಳದು; ಅವನು ಕರೆಯುವುದು ಆಯಿ ಎಂದು. ಹಕ್ಕಿ ಗೂಡು ಕಟ್ಟಿದ ಕೆರೆಗೆ ಕೈ ಹಚ್ಚಲು ಸರಕಾರವೂ ಹೆದರುತ್ತದೆ ಎಂದು ಯಾರೋ ಅಂದದ್ದೇ ತಡ, ಏಕಸಂಬಿಯ ಝೆರಾಕ್ಸ್ ಅಂಗಡಿಯಲ್ಲಿ ದುಡಿಯುವ ಅವನು ಹಳೇ ಕ್ಯಾಮೆರಾ ಕೊಂಡಿದ್ದ.

ಮೊದಲ ಸಲ ಫೋಟೋ ಒಯ್ದಾಗ ಚಿಕ್ಕೋಡಿಯ ಅರಣ್ಯ ಕಚೇರಿಯ ಸಾಹೇಬರು ನಕ್ಕಿದ್ದರು. "ಛಲೋ ಅದಾವು. ಇವು ನಿಮ್ಮ ಕೆರೀವ ಅಂತ ಗುರ್ತೇನು? ಮೊಬೈಲ್‌ದಾಗ ಇಂಥಾವು ಸಾವಿರ ಸಿಗತಾವು."

ಗುರುತು ಮನೆಯಲ್ಲೇ ಇತ್ತು. ಏಪ್ರಿಲ್ ಹದಿನಾಲ್ಕರ ಜಯಂತಿಗೆಂದು ಆಯಿ ಬಳಿದ ಕಡುನೀಲಿ ಬಾಗಿಲು. ಅಂದಿನಿಂದ ಜಾಲಿ ಮರದ ಮೇಲಿನ ಬಣ್ಣದ ಕೊಕ್ಕರೆಗಳ ಹಿಂದೆ, ಪ್ರತಿ ಫೋಟೋದಲ್ಲೂ, ಆ ಬಾಗಿಲು.

"ಹಕ್ಕಿ ನಡುವ ನಮ್ಮ ಬಾಗಲಾ ಯಾಕೋ?" ಆಯಿ ಕೇಳಿದ್ದಳು.

"ಸಾಕ್ಷಿ, ಆಯಿ."

"ಹಂಗಾರ ನಾನೂ ನಿಂದರತೇನಿ, ತಡಿ." ಸೆರಗು ಸರಿಮಾಡಿಕೊಂಡು ನಿಂತೇಬಿಟ್ಟಿದ್ದಳು.

ಈಗ ಬದುವಿನ ಮೇಲೆ ಮುರಗೆಪ್ಪ ಬಯ್ಯಲಿಲ್ಲ. ಒಂದೊಂದೇ ಫೋಟೋ ಇಣುಕಿ ನೋಡಿದರು. "ಇನ್ನೊಂಚೂರ ಈ ಕಡೆ ಸರದ ಹೊಡಿ. ಮನಿಗೋಳು ಸೈತ ಸ್ವಚ್ಛ ಕಾಣತಾವು. ನನಗೂ ಒಂದ ಪ್ರತಿ ಕೊಡು."

ಕಲ್ಲೂ ಕರಗುತ್ತದಲ್ಲ ಎಂದುಕೊಂಡು ಸಮಾಧಾನ ಸರಿದು ನಿಂತ. ಪ್ರತಿಯನ್ನೂ ಕೊಟ್ಟ.

ಮೂರು ತಿಂಗಳಿಗೆ ಊರಿನ ಕಂದಾಯ ಲೆಕ್ಕ ನೋಡುವ ತಲಾಟಿ ಅಂಗಡಿಗೆ ಬಂದ. "ಗೆದ್ದಿಯಪಾ! ಕೆರಿ ಮುಚ್ಚಂಗಿಲ್ಲ. ಹಕ್ಕಿಗೋಳಿಗೆ ಬಿಟ್ಟಾರ. ಈ ಆದೇಶದ ಹನ್ನೊಂದ ಕಾಪಿ ತಗಿ, ಲಗೂನ."

ಖುಷಿಯಲ್ಲಿ ಓದದೆಯೇ ಹಾಳೆಯನ್ನು ಗಾಜಿನ ಮೇಲೆ ಇಟ್ಟ. ಯಂತ್ರದ ಬೆಳಕು ಹನ್ನೊಂದು ಸಲ ಹರಿದಾಡಿತು. ಬಿಸಿ ಹಾಳೆ ಜೋಡಿಸುವಾಗ ಕಣ್ಣು ಓದಿತು: ಮುರಗೆಪ್ಪನವರ ದೂರಿನ ಮೇರೆಗೆ, ಗೂಡುಗಳಿಗೆ ಅಡ್ಡಿಯಾಗಿರುವ ದಂಡೆಯ ಮನೆಗಳನ್ನು ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು. ಪುರಾವೆ ಲಗತ್ತಿಸಿದೆ.

ಮೂಲ ಆದೇಶದ ಹಿಂದೆ ಲಗತ್ತಿಸಿದ್ದು ಅವನದೇ ಫೋಟೋ. ಕೆಂಪು ಶಾಯಿಯ ವೃತ್ತ ಬಿದ್ದದ್ದು ನೀಲಿ ಬಾಗಿಲಿನ ಸುತ್ತ, ಸೆರಗು ಸರಿಮಾಡಿಕೊಂಡು ಸಾಕ್ಷಿ ನಿಂತ ಆಯಿಯ ಸುತ್ತ.