ಮೂರು ಪಾತ್ರೆಗಳ ಸೆಟ್

ಮನೆಯಲ್ಲಿ ಎಷ್ಟು ಜನ ಎಂದು ಅಂಗಡಿಯ ಹುಡುಗಿ ಕೇಳಿದಾಗ ಸುಗಂಧಿ ಐದು ಎಂದಳು. ರತನ್, ಅವನ ಹೆಂಡತಿ ನವ್ಯಶ್ರೀ, ಇಬ್ಬರು ಮಕ್ಕಳು, ತಾನು. ಹಬ್ಬಕ್ಕೆ ನವ್ಯಶ್ರೀಯ ಅಪ್ಪ ಅಮ್ಮನೂ ಬರುತ್ತಾರೆ, ಏಳು ಅಂತಲೇ ಲೆಕ್ಕ ಹಿಡಿ ಎಂದು ಮತ್ತೆ ಸೇರಿಸಿದಳು.

ಕುಂದಾಪುರದ ಆ ಪಾತ್ರೆ ಅಂಗಡಿಗೆ ಅವಳನ್ನು ಕಾರಿನಲ್ಲಿ ಕರೆತಂದವನು ಅಣ್ಣನ ಮಗ ರತನ್. ನಾನ್‌ಸ್ಟಿಕ್ ಸೆಟ್ ತರುವುದಿದೆ, ನೀನೇ ಬಂದು ಆರಿಸು ಎಂದಿದ್ದ. ಅಡುಗೆಮನೆಯ ವಸ್ತುವಿಗೆ ತನ್ನನ್ನು ಕೇಳಿದರಲ್ಲ ಎಂದು ಕಿರಿಮಂಜೇಶ್ವರದಿಂದ ಇಲ್ಲಿಯವರೆಗೂ ಸುಗಂಧಿಗೆ ಒಳಗೊಳಗೇ ಸಂತೋಷ. ಒಳ್ಳೆಯ ಸೀರೆಯನ್ನೇ ಉಟ್ಟು ಬಂದಿದ್ದಳು. ಗಂಡ ತೀರಿಕೊಂಡು ಅವಳು ತವರಿಗೆ ಮರಳಿದ ವರ್ಷವೇ ಅತ್ತಿಗೆ ಕಾಯಿಲೆಯಲ್ಲಿ ಹೋಗಿದ್ದಳು. ಎರಡು ವರ್ಷದ ರತನ್ ಅವಳ ಸೊಂಟಕ್ಕೆ ಬಂದ. ಬುಟ್ಟಿ ಹೊತ್ತು ಮೀನು ಮಾರಿ ಬಂದು ಅವನಿಗೂ ಅವನ ಅಪ್ಪನಿಗೂ ಬೇಯಿಸಿ ಹಾಕಿದಳು. ಅಣ್ಣನೂ ಹೋದ ಮೇಲೆ ರತನ್‌ಗೆ ಮದುವೆ ಮಾಡಿಸಿದಳು. ಮೂವತ್ತೆರಡು ವರ್ಷ ಆ ಮನೆಯ ಒಲೆ ಅವಳದೇ.

ಹುಡುಗಿ ಸೆಟ್ಟುಗಳನ್ನು ಒಂದೊಂದಾಗಿ ಇಳಿಸಿ ತೋರಿಸಿದಳು. ಮರದ ಸಟ್ಟುಗವೇ ಬೇಕು, ಸ್ಟೀಲಿನದು ತಾಗಿದರೆ ಕಪ್ಪು ಲೇಪ ಎದ್ದುಹೋಗುತ್ತದೆ. ಮೆತ್ತನೆಯ ಸ್ಪಂಜಿನಿಂದಲೇ ತೊಳೆಯಬೇಕು. ಬರಿಯ ಪಾತ್ರೆಯನ್ನು ದೊಡ್ಡ ಉರಿಯ ಮೇಲೆ ಇಡಬಾರದು. ಸುಗಂಧಿ ಪ್ರತಿಯೊಂದನ್ನೂ ಎತ್ತಿ ಭಾರ ನೋಡಿದಳು, ಮಗುಚಿ ತಳ ತಟ್ಟಿದಳು. ಒಂದನ್ನು ತಗಡಿನ ಹಾಗಿದೆ, ನಾಲ್ಕು ದಿನಕ್ಕೆ ಡೊಂಕಾಗುತ್ತದೆ ಎಂದು ಬದಿಗಿಟ್ಟಳು. ಕೊನೆಗೆ ಎಂಟು ಪಾತ್ರೆಗಳ ದೊಡ್ಡ ಸೆಟ್ಟಿನ ಅಗಲವಾದ ಕಾವಲಿಯನ್ನು ಎರಡೂ ಕೈಯಲ್ಲಿ ಹಿಡಿದು, "ಇದೇ ಆಯ್ಕ್," ಎಂದಳು.

ರತನ್ ಅದನ್ನು ಮೆಲ್ಲನೆ ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ. ಮೂಲೆಯಲ್ಲಿದ್ದ ಮೂರೇ ಪಾತ್ರೆಗಳ ಸೆಟ್ಟನ್ನು ತೋರಿಸಿ ಅದು ಸಾಕು ಎಂದ.

ಸುಗಂಧಿ ನಕ್ಕಳು. ಅಂಗೈಯಗಲದ ಕಾವಲಿಯಲ್ಲಿ ಅಷ್ಟೂ ಜನಕ್ಕೆ ನೀರುದೋಸೆ ಹೊಯ್ಯುತ್ತ ಕೂತರೆ ಮಕ್ಕಳ ಶಾಲೆಯ ಬಸ್ಸು ಹೋಗಿಯೇಬಿಡುತ್ತದೆ ಎಂದು ಹುಡುಗಿಗೂ ಕೇಳುವ ಹಾಗೆ ಹೇಳಿದಳು. ರತನ್ ನಗಲಿಲ್ಲ.

"ಅತ್ತೆ, ಇದ್ ನಿಂಗೊಬ್ಳಿಗೆ," ಎಂದ. "ಹಿಂದಿನ್ ರೂಮಂಗೆ ಗ್ಯಾಸ್ ಇಡ್ಸಿದೆ."

ಆಮೇಲೆ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅವಳ ಪ್ರೆಶರಿಗೆ ಡಾಕ್ಟರು ಎಣ್ಣೆ ಕಡಿಮೆ ಮಾಡಲು ಹೇಳಿದ್ದು, ಮಕ್ಕಳಿಗೆ ಅವಳ ಖಾರ ಆಗದ್ದು, ನವ್ಯಶ್ರೀಗೂ ತನ್ನದೇ ರೀತಿಯಲ್ಲಿ ಅಡುಗೆ ಮಾಡುವ ಆಸೆ ಇರುವುದು, ದಿನವೂ ಸಂಜೆ ಇಬ್ಬರ ದೂರನ್ನೂ ಅವನೊಬ್ಬನೇ ಕೇಳಬೇಕಾದದ್ದು. ಸಿಟ್ಟಿನಿಂದ ಹೇಳಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಹೇಳಿದ. ಅಂಗಡಿಯ ಹುಡುಗಿ ಒಂದು ಗಾಜಿನ ಮುಚ್ಚಳವನ್ನು ಒರೆಸುತ್ತಲೇ ಇದ್ದಳು.

ಮಳೆಗಾಲ ಮುಗಿದ ಮೇಲೆ ಮನೆಯ ಹಿಂದೆ ಕಟ್ಟಿಸಿದ ಆ ಕೋಣೆಯಲ್ಲಿ ಕಲ್ಲಿನ ಕಟ್ಟೆ, ನಲ್ಲಿ ಎಲ್ಲ ಇಟ್ಟದ್ದನ್ನು ಸುಗಂಧಿ ನೋಡಿದ್ದಳು. ಮೀನು ಕೊಯ್ಯಲು ಅನುಕೂಲವಾಯಿತು ಎಂದುಕೊಂಡಿದ್ದಳು. ಕೆಲಸದವರಿಗೆ ದಿನಕ್ಕೆ ಎರಡು ಸಲ ಚಹಾ ಮಾಡಿ ಕೊಟ್ಟವಳೂ ಅವಳೇ.

"ಅವ್ಳ್ ಹೇಳಿದ್ದಾ, ನೀನ್ ಹೇಳಿದ್ದಾ?"

ರತನ್ ತಲೆ ಎತ್ತಲಿಲ್ಲ. "ಇಬ್ರೂ," ಎಂದ.

ಸುಗಂಧಿ ಆ ಸಣ್ಣ ಸೆಟ್ಟನ್ನು ತನ್ನೆದುರಿಗೆ ಎಳೆದುಕೊಂಡು, ದೊಡ್ಡದನ್ನು ನೋಡಿದಷ್ಟೇ ಜಾಗ್ರತೆಯಿಂದ ಕಾವಲಿ, ಬಾಣಲೆ, ಸಾರಿನ ಪಾತ್ರೆ ಮೂರನ್ನೂ ಮಗುಚಿ ನೋಡಿದಳು. ಬಾಣಲೆಯ ಹಿಡಿ ಸಡಿಲವಿತ್ತು. ಬೇರೆ ಸೆಟ್ ತರಿಸಿದಳು. ಬಳಸುವ ಕ್ರಮವನ್ನು ಹುಡುಗಿಯಿಂದ ಇನ್ನೊಮ್ಮೆ ಹೇಳಿಸಿಕೊಂಡಳು. ಹಿಂದಿನ ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಮರವಂತೆಯಲ್ಲಿ ರತನ್ ಎಳನೀರಿನ ಗಾಡಿಯ ಬಳಿ ಕಾರು ನಿಲ್ಲಿಸಿ ಬೊಂಡ ಕುಡಿಯುತ್ತೀಯಾ ಎಂದು ಕೇಳಿದ. ಬೇಡ ಎಂದಳು.

ಆ ಸಂಜೆ ಹಿಂದಿನ ಕೋಣೆಯಲ್ಲಿ ಅಕ್ಕಿ ನೆನೆಸುವಾಗ ಕೈ ತಾನಾಗಿಯೇ ಮೂರು ಕುಡ್ತೆ ಅಳೆಯಿತು. ಎರಡನ್ನು ವಾಪಸು ಡಬ್ಬಕ್ಕೆ ಸುರಿದಳು. ಉಳಿದದ್ದೂ ಹೆಚ್ಚೇ ಎನಿಸಿತು. ಬೆಳಿಗ್ಗೆ ಹಿಂದಿನ ಜಗಲಿಯ ರುಬ್ಬುಕಲ್ಲಿನಲ್ಲಿ ಅದನ್ನು ರುಬ್ಬಿ, ನೀರು ಮಾಡಿ, ಹೊಸ ಕಾವಲಿಗೆ ಹೊಯ್ದು ಮುಚ್ಚಳ ಮುಚ್ಚಿದಳು. ಕಬ್ಬಿಣದ ಕಾವಲಿಯಲ್ಲಾದರೆ ಈರುಳ್ಳಿಯಲ್ಲಿ ಎಣ್ಣೆ ಉಜ್ಜಿದರೂ ಮೊದಲ ದೋಸೆ ಯಾವತ್ತೂ ಹರಿದೇ ಬರುತ್ತಿತ್ತು. ಇಲ್ಲಿ ಹನಿ ಎಣ್ಣೆಯಿಲ್ಲದೆ ಸುತ್ತಲೂ ಅಂಚು ಎದ್ದು, ತೆಳುವಾದ ಬಟ್ಟೆಯ ಹಾಗೆ ಇಡಿಯಾಗಿ ಬಂತು. ಸುಗಂಧಿಗೆ ಖುಷಿಯೇ ಆಯಿತು. ಮಡಚಿ ತಟ್ಟೆಗೆ ಹಾಕಿದಳು. ಎರಡನೆಯದೂ ಹಾಗೇ ಬಂತು, ಮೂರನೆಯದೂ. ಬಿಸಿ ಆರುವ ಮೊದಲು ತಿನ್ನುವುದು ಮಕ್ಕಳ ಕೆಲಸ. ಎಲ್ಲರದೂ ಆದ ಮೇಲೆ ಕೊನೆಗೆ ತಳದ ಹಿಟ್ಟಿನಲ್ಲಿ ತನಗೆ ಎರಡು ಹೊಯ್ದುಕೊಳ್ಳುವುದು ಅವಳ ರೂಢಿ. ನಾಲ್ಕನೆಯದಕ್ಕೆ ಸೌಟು ಎತ್ತಿದವಳು ಬಾಗಿಲ ಕಡೆ ತಿರುಗಿ ಕೂಗಿದಳು:

"ಬನ್ನಿ ಮಕ್ಳೇ, ಬಿಸಿ ಇತ್ತ್."

ಗೋಡೆಯ ಆಚೆ ಅಡುಗೆಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿ ಥಟ್ಟನೆ ನಿಂತಿತು. ಸುಗಂಧಿ ಸೌಟು ಹಿಡಿದುಕೊಂಡೇ ನಿಂತಳು.

ಆಮೇಲೆ ಮಿಕ್ಸಿ ಮತ್ತೆ ತಿರುಗತೊಡಗಿತು.