ಬದಲಿ ಅಕ್ಕನ ಸೋಡಾ

ಕೇಕಿನ ಮೊದಲ ತುಂಡು ಬಾಯಿಗೆ ಹೋದಷ್ಟೇ ಬೇಗ ಹೊರಗೆ ಬಂತು. ಅತ್ತೆ ಮುಖ ಕಿವುಚಿಕೊಂಡು ಕಾಗದದ ತಟ್ಟೆಗೆ ಉಗಿದರು. "ಇದೇನೇ ಇದು, ಸಾಬೂನು ತಿಂದ ಹಾಗಿದೆ! ಹುಟ್ಟುಹಬ್ಬದ ದಿನ ನನ್ನ ಹೊಟ್ಟೆ ತೊಳೀಬೇಕು ಅಂತಿದ್ಯಾ?"

ಸೊಸೆ ಕೈಯಲ್ಲಿ ಚಾಕು ಹಿಡಿದು ಹಾಗೇ ನಿಂತಳು. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ಅವಳು ಮಾಡಿದ ಮೊದಲ ಕೇಕು ಅದು; ಅಕ್ಕಪಕ್ಕದ ಕನ್ನಡದವರನ್ನೆಲ್ಲ ಕರೆದಿದ್ದಳು ಬೇರೆ. ಗಂಡ ಅಡುಗೆಮನೆಯಿಂದ ಪೊಟ್ಟಣ ತಂದು ಅದರ ಮೇಲಿದ್ದ ಈ ಊರಿನ ಅಕ್ಷರಗಳನ್ನು ಓದಿದ.

"ಬಟ್ಟೆ ಒಗೆಯೋ ಸೋಡಾ ಕಣೇ ಇದು!"

ಎಲ್ಲರೂ ಗೊಳ್ಳೆಂದು ನಕ್ಕರು. ಸೋಫಾದ ತುದಿಯಲ್ಲಿ ಕೂತಿದ್ದ ಪಕ್ಕದ ಮನೆಯ ಬದಲಿ ಅಕ್ಕನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಜ್ಜಿಗೆ ಸಿಗದಿದ್ದರೆ ಹಾಲಿಗೆ ನಿಂಬೆರಸ ಹಿಂಡು, ಮೊಟ್ಟೆ ಬೇಡವಾದರೆ ಬಾಳೆಹಣ್ಣು ಕಿವುಚು, ಬೇಕಿಂಗ್ ಪೌಡರ್ ಇಲ್ಲವೇ, ಮೊಸರಿಗೆ ಸೋಡಾ ಬೆರೆಸು ಎಂದು ಫೋನಿನಲ್ಲೇ ಎಲ್ಲದಕ್ಕೂ ಬದಲಿ ಹೇಳಿ ಹೇಳಿ ಆಕೆಗೆ ಆ ಹೆಸರು ಬಿದ್ದಿತ್ತು. ಬೆಳಿಗ್ಗೆ ಈ ಸೊಸೆ ಹುಡುಗಿ ಅಂಗಡಿಯಿಂದಲೇ ಪೊಟ್ಟಣದ ಫೋಟೋ ಕಳಿಸಿದ್ದಳು. "ಅಕ್ಕ, ಇದೇನಾ ಅಡುಗೆ ಸೋಡಾ? ನನಗೆ ಓದೋಕೆ ಬರಲ್ಲ."

ಅಕ್ಕನಿಗೂ ಬರುತ್ತಿರಲಿಲ್ಲ. ಇಷ್ಟು ವರ್ಷವಾದರೂ ಆಕೆ ಸಾಮಾನು ತರುವುದು ಡಬ್ಬಿಯ ಬಣ್ಣ ನೋಡಿಯೇ. ಅದನ್ನು ಹೊಸದಾಗಿ ಬಂದವಳೊಬ್ಬಳ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಫೋಟೋದಲ್ಲಿ ಪೊಟ್ಟಣದ ಮೇಲೆ ಬಿಳಿ ಪುಡಿಯ ಚಿತ್ರ ಕಂಡಿತು. "ಅದೇ. ಧೈರ್ಯವಾಗಿ ಹಾಕು" ಎಂದು ಬರೆದಿದ್ದಳು.

"ಓದೋಕೆ ಬರ್ಲಿಲ್ಲ ಅತ್ತೆ" ಎಂದಳು ಸೊಸೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬರದಿದ್ರೆ ಬರಲ್ಲ ಅನ್ನೋಕೇನು ಧಾಡಿ? ಅಕ್ಕ ಇಲ್ಲೇ ಪಕ್ಕದಲ್ಲಿದ್ದಾರೆ. ಅವರನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಎಲ್ಲರೂ ಅಕ್ಕನ ಕಡೆ ತಿರುಗಿದರು. ಹುಡುಗಿಯೂ ನೋಡಿದಳು. ಹೇಳಬೇಕಾದ್ದು ಒಂದೇ ಮಾತು, ನಾಲಿಗೆಯ ತುದಿಗೂ ಬಂದಿತ್ತು. ಹೊರಗೆ ಬಂದದ್ದು ಬೇರೆ.

"ಹೋಗ್ಲಿ ಬಿಡೀಮ್ಮ, ಹೊಸಬಳು. ಕಲೀತಾಳೆ."

ತನ್ನ ದನಿ ಕೇಳಿ ಅಕ್ಕನಿಗೇ ಅಸಹ್ಯವಾಯಿತು. ಹುಡುಗಿ ಚಾಕು ಕೆಳಗಿಟ್ಟು, "ಹೌದು ಅತ್ತೆ, ಅಕ್ಕನ್ನ ಕೇಳ್ಬೇಕಿತ್ತು. ನನ್ನದೇ ತಪ್ಪು" ಎಂದು ಕೇಕಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ಲೋಟಗಳನ್ನು ಒಟ್ಟು ಮಾಡುವ ನೆಪದಲ್ಲಿ ಹಿಂದೆಯೇ ಹೋದಳು. ಹುಡುಗಿ ಕೇಕನ್ನು ಕಸದ ಬುಟ್ಟಿಗೆ ಕೆರೆಯುತ್ತಿದ್ದಳು. ಅತ್ತಿರಲಿಲ್ಲ.

"ಫೋನ್ ನಿನ್ನ ಹತ್ರಾನೇ ಇತ್ತಲ್ಲೇ. ನಾನು ಬರೆದದ್ದು ತೋರಿಸಿದ್ರೆ ಮುಗೀತಿತ್ತು. ಯಾಕೆ ತೋರಿಸ್ಲಿಲ್ಲ?"

ಹುಡುಗಿ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

"ನಾನು ಇವತ್ತಲ್ಲ ನಾಳೆ ಓದೋಕೆ ಕಲೀತೀನಿ ಅಕ್ಕ. ನಿಮಗೆ ಈ ಊರಲ್ಲಿ ಇರೋದು 'ಬದಲಿ ಅಕ್ಕ' ಅನ್ನೋ ಅದೊಂದೇ ಹೆಸರು."